ಸ್ಕೀ ಅಡಿಯ ಕಾಗದ

ಲಿಲ್ಲೆಹಮರ್‌ನ ಸ್ಕೀ ಅಂಗಡಿಯ ಸಾಲಿನಲ್ಲಿ ನನ್ನ ಮುಂದಿದ್ದ ಅಜ್ಜಿ ತಮ್ಮ ಹಳೆಯ ಸ್ಕೀಯೊಂದರ ಮೇಲೆ ಒಂಟಿಕಾಲಲ್ಲಿ ನಿಂತಿದ್ದರು. ಅಂಗಡಿಯವನು ಅದರ ಕಮಾನಿನಂತೆ ಬಾಗಿದ ನಡುಭಾಗದಡಿ ಇಟ್ಟಿದ್ದ ಕಾಗದವನ್ನು ಎಳೆದ; ಅದು ಸಲೀಸಾಗಿ ಬಂತು.

"ಸಿಕ್ಕಿಕೋಬೇಕಿತ್ತು, ತೂರುನ್ ಅಜ್ಜಿ. ನಿಮ್ಮ ಭಾರಕ್ಕೆ ಇದು ಬಗ್ತಾನೇ ಇಲ್ಲ. ನಡುಭಾಗ ಹಿಮಕ್ಕೆ ತಾಗದೆ ಏರಲ್ಲಿ ಹಿಂದಕ್ಕೆ ಜಾರ್ತೀರಿ."

"ಮೂವತ್ತು ವರ್ಷ ಇದರಲ್ಲೇ ಬೆಟ್ಟದ ಮನೆಗೆ ಹತ್ತಿದೀನಿ ಕಣೋ."

"ಆಸ್ಪತ್ರೆಗೆ ಸೇರಿದ್ಮೇಲೆ ಎಷ್ಟು ಇಳಿದ್ರಿ?"

"ಹದಿನಾಲ್ಕು ಕಿಲೋ. ಚೀಲದ ತುಂಬ ಕಿತ್ತಳೆ ಹೊತ್ಕೊಂಡ್ರೆ ಸಾಲಲ್ವಾ?"

"ಹದಿನಾಲ್ಕು ಕಿಲೋ ಕಿತ್ತಳೆನಾ! ಈ ಮೆದು ಸ್ಕೀ ಮೇಲೆ ನಿಂತ್ಕೊಳ್ಳಿ."

ಈ ಸಲ ಕಾಗದ ಅಲುಗಲಿಲ್ಲ.

"ಈಸ್ಟರ್‌ಗೆ ಬೆಟ್ಟದ ಮನೇಲಿರ್ತೀನಾ, ಐವಿಂದ್?"

"ನಿಧಾನಕ್ಕೆ ಹೋದ್ರೆ ಖಂಡಿತ. ಹಳೇದನ್ನ ಇಲ್ಲೇ ಬಿಡ್ತೀರಾ?"

"ಬಿಡ್ತೀನಾ? ಮತ್ತೆ ದಪ್ಪ ಆಗ್ಬೇಕಲ್ಲೋ ನಾನು."

ಎರಡು ಜೊತೆಯನ್ನೂ ಹೆಗಲಿಗೇರಿಸಿಕೊಂಡು ಅವರು ಹೊರಟರು. ನಾನು ಬೇಗ ಹೋಗಿ ಬಾಗಿಲು ತೆರೆದು ಹಿಡಿದೆ.