ರಿಮ್ಮಿನ ಬಣ್ಣ

ಬಂಗಾರಪೇಟೆಯ ಕಡೆ ಹೊರಟ ಮಾರಿಕುಪ್ಪಂ ರೈಲಿನಲ್ಲಿ ಭಾರ್ಗವಿಯ ಎದುರು ನಡುವಯಸ್ಸಿನ ಗಂಡ ಹೆಂಡತಿ ಕೂತಿದ್ದರು. ಗಂಡನ ಕಾಲ ಬಳಿ ಗುಂಡಿಗೆ ಬಿದ್ದು ಸೊಟ್ಟಗಾದ ಕಾರಿನ ರಿಮ್ಮೊಂದಿತ್ತು. ಭಾರ್ಗವಿಯ ಕಣ್ಣು ಮೊಬೈಲಿನ ಮೇಲಿತ್ತು, ಕಿವಿ ಮಾತ್ರ ಅವರ ಮೇಲೆಯೇ.

“ನಾಕೂ ಬದ್ಲಾಯಿಸ್ಬಿಡಾನ ಸೊಣ್ಣಮ್ಮ. ಅದಿನಾರು ಇಂಚಿಂದು ಆಕ್ಸಿದ್ರೆ ಕಾರು ಎತ್ರ ಕಾಣ್ತದೆ.”

“ಎಲ್ಲಿ ಎತ್ರ? ಒಟ್ಟು ಚಕ್ರ ಈಗಿರೋ ಅಷ್ಟೇ ಇರ್ಬೇಕು, ಇಲ್ದಿದ್ರೆ ಒಳಗೆ ಉಜ್ತದೆ ಅಂತ ಮೆಕ್ಯಾನಿಕ್ಕು ಏಳ್ಲಿಲ್ವಾ? ರಿಮ್ಮು ದೊಡ್ಡದಾದ್ರೆ ಟೈರು ತೆಳ್ಳಗಾಗ್ತದೆ.”

“ಆಗ್ಲಿ ಬಿಡು. ನೋಡಕ್ಕೆ ಚೆಂದ.”

“ಗುಂಡಿ ಏಟು ತಡ್ಯೋದು ಟೈರು ಕಣಯ್ಯಾ. ಬಸುರಿ ಮಗಳನ್ನ ಸೀಮಂತ ಮುಗ್ಸಿ ಅದೇ ಕಾರಲ್ಲಿ ಕರ್ಕಂಬರ್ಬೇಕು.”

ಆತ ಸೊಟ್ಟ ರಿಮ್ಮನ್ನು ಸವರಿದ.

“ಸರಿ, ಟೈರ್ ಮೇಲೆ ಬರ್ದಿರೋ ಅದಿನಾಕೇ ಇರ್ಲಿ. ಬಣ್ಣ ಮಾತ್ರ ಕಪ್ಪು.”

“ಶುಭಕಾರ್ಯಕ್ಕೆ ಓಗೋ ಗಾಡಿಗೆ ಕಪ್ಪಾ!”

“ಮಗೀಗೆ ಇಡೋ ದಿಷ್ಟಿಬೊಟ್ಟು ಯಾವ ಬಣ್ಣ, ಏಳು.”

ಸೊಣ್ಣಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು. ಅಷ್ಟರಲ್ಲಿ ಬಂಗಾರಪೇಟೆ ಬಂತು. ರಿಮ್ಮನ್ನು ಆಚೆ ಈಚೆ ಹಿಡಿದು ಇಬ್ಬರೂ ಬಾಗಿಲಿಗೆ ನಡೆದರು. ಇಳಿಯುತ್ತಲೇ ಅವಳು ಹೇಳಿದಳು:

“ಸ್ಟೆಪ್ನಿಗೂ ಕಪ್ಪೇ ಆಕ್ಸು.”