ಹೆಸರು ಕರೆಯದೆ ಬಡಿಸಿದ ಎಲೆ

ಬೆಳಗಿನಿಂದ ಸುರಿದ ಮಳೆಗೆ ಗಲ್ಫಿನ ಕರಾಮದ ನಮ್ಮ ರಸ್ತೆಯಲ್ಲಿ ಕಾರುಗಳು ಅರ್ಧ ಮುಳುಗಿ ನಿಂತಿದ್ದವು. ಕರೆಂಟೂ ಲಿಫ್ಟೂ ಮಧ್ಯಾಹ್ನವೇ ಕೈಕೊಟ್ಟಿದ್ದವು. ನನ್ನ ಹೆಂಡತಿ ಸ್ಟೇಸಿ ಆಸ್ಪತ್ರೆಯ ಡ್ಯೂಟಿಗೆ ಹೋದವಳು ಅಲ್ಲೇ ಸಿಕ್ಕಿಹಾಕಿಕೊಂಡಿದ್ದಳು. ಸಂಜೆ ಕತ್ತಲು ಕವಿಯುವ ಹೊತ್ತಿಗೆ ನಾನೂ ನನ್ನ ಮಗಳು ಪರ್ಲೂ ಎದುರು ಫ್ಲ್ಯಾಟಿನ ವಾರಿಜಾಕ್ಷಿಯಮ್ಮನ ಮನೆ ಸೇರಿದೆವು. ಮೇಲಿನ ಮಹಡಿಯ ರಿಝ್ವಾನ್ ಕೂಡ ಬಂದ.

ಹಾಲಿನ ತುಂಬ ಕಟ್ಟಿಟ್ಟ ರಟ್ಟಿನ ಪೆಟ್ಟಿಗೆಗಳಿದ್ದವು. ಅವರ ಗಂಡ ಜಯಪಾಲರ ವೀಸಾ ಮುಗಿಯುತ್ತ ಬಂದಿತ್ತು. ಮುಂದಿನ ವಾರ ಇಬ್ಬರೂ ಉಡುಪಿಗೆ ಕಾಯಂ ಆಗಿ ಹೊರಡುವವರಿದ್ದರು. ವಾರಿಜಾಕ್ಷಿಯಮ್ಮ ಮೇಣದಬತ್ತಿ ಹಚ್ಚಿ, ಅವಲಕ್ಕಿಗೆ ಬೆಲ್ಲ, ಕಾಯಿತುರಿ ಕಲಸಿ ಎಲ್ಲರಿಗೂ ತಟ್ಟೆಯಲ್ಲಿ ಕೊಟ್ಟರು. ಮೇಜಿನ ಮೇಲೆ ತೊಳೆದಿಟ್ಟ ಬಾಳೆಲೆಯ ತುಂಡೊಂದು ಖಾಲಿಯಾಗಿಯೇ ಇತ್ತು. ಪರ್ಲ್ ಪಕ್ಕದ ಕುರ್ಚಿಯಲ್ಲಿ ರಿಝ್ವಾನ್ ಕೂರಲು ಹೋದಾಗ ಅವರು ತಟ್ಟನೆ ಕೈ ಅಡ್ಡ ಹಿಡಿದರು.

"ಅಲ್ಲಿ ಬೇಡ ಮಾರಾಯಾ, ನೀನು ಈ ಪೆಟ್ಟಿಗೆ ಮೇಲೆ ಕೂತ್ಕೋ. ಯಾಕೆ ಅಂತ ಹೇಳ್ತೇನೆ... ಇವತ್ತು ಹೇಳದಿದ್ರೆ ಇನ್ನು ಯಾವಾಗ ಹೇಳುವುದು, ಮುಂದಿನ ವಾರ ನಾವು ಇಲ್ಲಿಂದ ಖಲಾಸ್ ಅಲ್ವಾ? ಏಯ್ ಪರ್ಲ್, ಹೆದರಿಕೆ ಆದ್ರೆ ಅಪ್ಪನ ಹತ್ರ ಹೋಗು. ಮತ್ತೆ ನಿದ್ದೆಯಲ್ಲಿ ಬೊಬ್ಬೆ ಹಾಕಿದ್ರೆ ನಿನ್ನಮ್ಮ ಬೈಯುವುದು ನನಗೆ. ಅಲ್ವಾ ಕ್ಯಾಮಿಲಸ್?" ಎಂದು ನನ್ನತ್ತ ನೋಡಿದರು.

ಪರ್ಲ್ ಕದಲಲಿಲ್ಲ. ಜಯಪಾಲರು ಕಿಟಕಿಯ ಕಡೆ ಮುಖ ತಿರುಗಿಸಿ ಕುಳಿತರು.

"ನಮಗೊಬ್ಬಳು ಮಗಳಿದ್ದಳು, ಭವ್ಯಶ್ರೀ. ಇಲ್ಲೇ ಊದ್ ಮೇಥಾದ ಶಾಲೆಗೆ ಹೋಗ್ತಿದ್ದಳು, ಈ ಪರ್ಲಿನಷ್ಟೇ ಇದ್ದಳು... ಜ್ವರ ಬಂತು, ಹೋದಳು. ಅಷ್ಟೇ. ನಮ್ಮಲ್ಲಿ, ತುಳುವರಲ್ಲಿ, ಹೋದವರಿಗೆ ಬಡಿಸ್ಲಿಕ್ಕುಂಟು. ಅವರು ಹೋದ ದಿನ ಅವರಿಗೆ ಆಸೆಯದ್ದನ್ನು ಬಾಳೆಲೆಯಲ್ಲಿ ಹಾಕಿ, ಹೆಸರು ಹಿಡಿದು ಕರೆದು, ಬೆನ್ನು ತಿರುಗಿಸಿ ನಿಲ್ಲಬೇಕು. ಅವರು ಉಣ್ಣುವಾಗ ನೋಡ್ಲಿಕ್ಕಿಲ್ಲ. ಭವ್ಯನಿಗೆ ಈ ಬೆಲ್ಲದ ಅವಲಕ್ಕಿ ಅಂದ್ರೆ ಜೀವ. ಆದ್ರೆ ಬದುಕಿದ್ದಾಗ್ಲೂ ಪೂರ್ತಿ ತಿನ್ನುವವಳಲ್ಲ, ಕಡೇ ತುತ್ತು ಬಿಟ್ಟು 'ಇದು ಅಮ್ಮನಿಗೆ' ಅಂತ ಹೇಳುವಳು. ಎಲೆಯಲ್ಲಿ ಬಡಿಸಿದ್ರೂ ಹಾಗೇ... ಪ್ರತಿ ವರ್ಷ ಒಂದು ತುತ್ತು ಮೂಲೆಗೆ ಸರಿಸಿ ಇಟ್ಟಿರ್ತಿದ್ದಳು ಮಾರಾಯ್ರೇ! ಆ ತುತ್ತು ತಿಂದು ನಾನು ಒಂದೊಂದು ವರ್ಷ ದೂಡ್ತಿದ್ದೆ.

ಹೀಗಿರುವಾಗ ಇವರಿಗೆ ಯೂರೋಪ್ ನೋಡುವ ಹುಚ್ಚು ಹಿಡೀತು. ಈದ್ ರಜೆಗೆ ಗ್ರೂಪ್ ಟೂರ್. ಭವ್ಯನ ದಿನವೂ ಆ ರಜೆಯೊಳಗೇ ಬಿತ್ತು, ನಾನೆಂತ ಮಾಡುವುದು? ಇಲ್ಲಿಂದಲೇ ಬಾಳೆಲೆ ಕೊಂಡು, ಒದ್ದೆ ಪೇಪರಿನಲ್ಲಿ ಸುತ್ತಿ, ಸೂಟ್‌ಕೇಸಿನಲ್ಲಿ ಸ್ವೆಟರುಗಳ ನಡುವೆ ಮಲಗಿಸಿದೆ. ಅವಲಕ್ಕಿಯೂ ಬೆಲ್ಲವೂ ಕೈಚೀಲದಲ್ಲಿ.

ಆ ದಿನ ನಮ್ಮನ್ನು ಒಂದು ಕೋಟೆಯ ಊರಿಗೆ ಕರ್ಕೊಂಡು ಹೋದ್ರು. ಅದರ ಹೆಸರು ಹೇಳ್ಬೇಕಾದ್ರೆ ಬಾಯಲ್ಲಿ ಹಲ್ಲು ಬೇಕು, ಬಿಡಿ. ಗುಡ್ಡದ ಮೇಲೆ ಕೋಟೆ, ಕೆಳಗೆ ಹೊಳೆ, ಕೆಂಪು ಹಂಚಿನ ಮನೆಗಳು... ಹಂಚು ನೋಡಿ ನನಗೊಮ್ಮೆ ಊರಿಗೇ ಬಂದ ಹಾಗೆ ಆಯ್ತು. ಬೀದಿ ತುಂಬ ಉರುಟು ಕಲ್ಲು, ನನ್ನ ಮಂಡಿಯ ಅವಸ್ಥೆ ಕೇಳ್ಬೇಡಿ! ರಾಜನ ಮಂಚ ತೋರಿಸಿದ್ರು, ರಾಣಿಯ ಕನ್ನಡಿ ತೋರಿಸಿದ್ರು, ಗಂಟೆ ಗೋಪುರ ಹತ್ತಿಸಿದ್ರು. ಮತ್ತೆ ಕೋಟೆಯ ಹಿಂದುಗಡೆ, ಕಲ್ಲಿಟ್ಟು ಮುಚ್ಚಿದ ಒಂದು ಸಣ್ಣ ಬಾಗಿಲು. ಗೈಡ್ ಹುಡುಗಿ ಹೇಳಿದಳು, ಹಿಂದೆ ದೊಡ್ಡ ಬರ ಬಂದಾಗ ಒಳಗಿನವರು ಈ ಬಾಗಿಲು ಹಾಕಿಕೊಂಡರಂತೆ, ಹೊರಗಿನ ಮಕ್ಕಳು ಅನ್ನ ಕೇಳಿ, ಬಾಗಿಲು ತಟ್ಟಿ ತಟ್ಟಿ ಅಲ್ಲೇ ಸತ್ತರಂತೆ. ಅಯ್ಯೋ ದೇವರೇ, ಅನ್ನ ಇದ್ದೂ ಮಗುವಿಗೆ ಬಾಗಿಲು ಹಾಕ್ತಾರಾ? ನಮ್ಮವರು ಅದೇ ಬಾಗಿಲಿಗೆ ಒರಗಿ ಸೆಲ್ಫಿ ತೆಗೆದ್ರು.

ಅವರೆಲ್ಲ ಮುಂದೆ ಹೋದ್ರು. ಇಡೀ ಊರಿನಲ್ಲಿ ಜನ ಇಲ್ಲದ ಮೂಲೆ ಅದೊಂದೇ. ನಾನು ಅಲ್ಲೇ ಎಲೆ ಹಾಸಿ ಬಡಿಸಿದೆ. ಅಷ್ಟರಲ್ಲಿ ಆಚೆಯಿಂದ ಇವರ ಬೊಬ್ಬೆ, 'ಯಲ್ಲಾ ಯಲ್ಲಾ, ಬಸ್ಸು ಹೊರಡ್ತದೆ!' ನನಗೆ ಗಡಿಬಿಡಿ. ಮಗಳ ಹೆಸರು ಕರೆಯಲೇ ಇಲ್ಲ... 'ಬಾ ಮಗಾ, ಹಸಿವಾಗಿರ್ಬೇಕು, ಬೇಗ ಉಣ್ಣು' ಅಂತ ಹೇಳಿ ಬೆನ್ನು ತಿರುಗಿಸಿ ನಿಂತೆ. ಆ ಜಾಗದಲ್ಲಿ, ಆ ಬಾಗಿಲಿನ ಬುಡದಲ್ಲಿ, ಹೆಸರಿಲ್ಲದೆ 'ಬಾ ಮಗಾ' ಅಂದ್ರೆ... ಯಾರು ಬಂದಾರು ನೀವೇ ಹೇಳಿ?

ಹಿಂದೆ ಚಪ್ಪರಿಸುವ ಶಬ್ದ ಕೇಳ್ತು. ಇಷ್ಟು ವರ್ಷ ಒಮ್ಮೆಯೂ ಶಬ್ದ ಕೇಳಿದ್ದಿಲ್ಲ, ನನ್ನ ಮಗಳು ಇಷ್ಟು ಹತ್ತಿರ ಬಂದಳಲ್ಲ ಅಂತ ನನಗೆ ಕಣ್ಣೀರೇ ಬಂತು. ಆಮೇಲೆ ತಿರುಗಿ ನೋಡಿದ್ರೆ... ತುತ್ತೂ ಇಲ್ಲ, ಅಗುಳೂ ಇಲ್ಲ. ಎಲೆಯನ್ನು ನೆಕ್ಕಿ ಒಣಗಿಸಿದ್ದು. ಎಲೆಯ ಅಂಚಿನಲ್ಲಿ ಸಣ್ಣ ಸಣ್ಣ ಹಲ್ಲಿನ ಗುರುತು.

ಭವ್ಯ ಎಲೆ ಕಚ್ಚುವವಳಾ? ಅಮ್ಮನ ತುತ್ತು ತಿನ್ನುವವಳಾ?

ಬಸ್ಸಿನಲ್ಲಿ ನನ್ನ ಸೆರಗನ್ನು ಯಾರೋ ಹಿಡಿದ ಹಾಗೆ ಆಗ್ತಿತ್ತು. ವಿಮಾನದಲ್ಲೂ. ಇಲ್ಲಿ ಬಂದ ಮೇಲೆ ಮಧ್ಯಾಹ್ನ ಅನ್ನದ ಪಾತ್ರೆ ತೆರೆದ್ರೆ ಕೆರೆದು ತಿಂದ ಗುರುತು. ಇವರನ್ನು ಕೇಳಿ, ಸುಳ್ಳಾ? ಮರುವರ್ಷ ನಾನು ಹೆಸರು ಹಿಡಿದೇ ಕರೆದೆ, 'ಭವ್ಯಾ, ಬಾ ಮಗಾ' ಅಂತ. ಎಲೆ ಖಾಲಿ. ಅಂಚಿನಲ್ಲಿ ಹಲ್ಲು. ಹೊರಗಿನ ಬಾಗಿಲ ಹತ್ರ ಮಾತ್ರ ಭವ್ಯನ ತಲೆಯೆಣ್ಣೆಯ ಪರಿಮಳ... ಒಳಗೆ ಬರ್ಲಿಲ್ಲ ಅವಳು. ಒಂದು ಎಲೆಗೆ ಇಬ್ಬರು ಕೂರ್ಲಿಕ್ಕಿಲ್ಲ. ಎರಡು ಎಲೆ ಹಾಕಿ ನೋಡಿದೆ, ಅದು ಎರಡನ್ನೂ ನೆಕ್ಕಿತು. ಎಷ್ಟು ಹಸಿವೆಯೋ ಪಾಪ!

ಊರಲ್ಲಿ ಜೋಯಿಸರ ಹತ್ರ ಕೇಳಿಸಿದೆವು. 'ಓಡಿಸುವ, ಅದೇನು ದೊಡ್ಡ ಕೆಲಸವಲ್ಲ' ಅಂದ್ರು. ನನ್ನಿಂದ ಆಗ್ಲಿಲ್ಲ. ಒಮ್ಮೆ ಬಾಗಿಲು ಹಾಕಿಸಿಕೊಂಡು ಸತ್ತ ಮಗು ಅದು, ಕ್ಯಾಮಿಲಸ್... ಇನ್ನೊಮ್ಮೆ ನಾನು ಬಾಗಿಲು ಹಾಕ್ಬೇಕಾ? ಹಾಕದಿದ್ರೆ ನನ್ನದೇ ಮಗು ಹೊರಗೆ ನಿಲ್ತದೆ. ಯಾವ ತಾಯಿಗೂ ಇದು ಬೇಡ."

ಅವರು ಸೆರಗಿನಿಂದ ಮುಖ ಒರೆಸಿಕೊಂಡರು.

"ಇವತ್ತು ಭವ್ಯನ ದಿನ. ಬೆಳಗ್ಗಿನಿಂದ ಎಲೆ ತೊಳೆದಿಟ್ಟು ಕೂತಿದ್ದೇನೆ, ಯಾರಿಗೆ ಬಡಿಸುವುದು ಅಂತ ಗೊತ್ತಾಗದೆ. ಊರಿಗೆ ಹೋದ ಮೇಲಾದ್ರೂ ನನ್ನ ಮಗಳು ನನ್ನೆಲೆಗೆ ಬರ್ಬೇಕು. ಹಾಗಂತ ಈ ಮಗುವನ್ನು ಖಾಲಿ ಫ್ಲ್ಯಾಟಿನಲ್ಲಿ ಬಿಟ್ಟು ಬೀಗ ಹಾಕಿ ಹೋಗ್ಲಿಕ್ಕೆ ಉಂಟಾ? ಅದು ಕೂತದ್ದೆಲ್ಲಿ ಅಂತ ಕೇಳ್ಬೇಡಿ..."

ಅವರ ಕಣ್ಣು ಪರ್ಲ್ ಪಕ್ಕದ ಕುರ್ಚಿಯ ಮೇಲಿತ್ತು. ನಾನೂ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ. ಆದರೆ ಪರ್ಲ್ ತೊಡೆಯ ಮೇಲಿದ್ದ ತಟ್ಟೆ ಈಗ ಆ ಕುರ್ಚಿಯ ಮೇಲಿತ್ತು. ಅದರಲ್ಲಿ ಒಂದು ಕಾಳೂ ಉಳಿದಿರಲಿಲ್ಲ.

"ಐ ಗೇವ್ ಇಟ್, ಆಂಟಿ," ಎಂದಳು ಪರ್ಲ್. "ಹಸಿವು ಅಂತ ಹೇಳಿತು."

"ಹೇಗೆ ಕರೆದೆ ಮಗಾ?" ವಾರಿಜಾಕ್ಷಿಯಮ್ಮ ಅವಳತ್ತ ಬಗ್ಗಿ ಕೇಳಿದರು.

"ಕಮ್, ಈಟ್ ವಿತ್ ಮಿ ಅಂದೆ. ಹೆಸರು ಗೊತ್ತಿಲ್ಲ ಅಲ್ವಾ?"

ನಾನು ಎದ್ದು ಪರ್ಲಳನ್ನು ಎತ್ತಿಕೊಂಡೆ. ಅವಳ ಫ್ರಾಕಿನ ಅಂಚು ಕುರ್ಚಿಯ ಕಡೆಗೆ ಬಿಗಿದು ನಿಂತಿತ್ತು. ನಾನು ಎಳೆದೆ, ಬಿಡಲಿಲ್ಲ. ಮೆಲ್ಲನೆ ಹೆಜ್ಜೆ ಇಟ್ಟಾಗ ಮಾತ್ರ ಅದೂ ಸಡಿಲಾಗಿ ಜೊತೆಗೆ ಬಂತು.

ವಾರಿಜಾಕ್ಷಿಯಮ್ಮ ಬಾಳೆಲೆ ಹಾಸಿದರು, ಅವಲಕ್ಕಿ ಬಡಿಸಿದರು, ಹೊರಬಾಗಿಲನ್ನು ಪೂರ್ತಿ ತೆರೆದರು. "ಭವ್ಯಶ್ರೀ... ಬಾ ಮಗಾ," ಎಂದು ಕರೆದು ಬೆನ್ನು ತಿರುಗಿಸಿ ನಿಂತರು. ಜಯಪಾಲರೂ ಎದ್ದು ಪಕ್ಕದಲ್ಲಿ ನಿಂತರು. ಕಾರಿಡಾರಿನಿಂದ ತೆಂಗಿನೆಣ್ಣೆಯ ಪರಿಮಳ ಒಳಗೆ ಬಂತು. ಸ್ವಲ್ಪ ಹೊತ್ತಿನ ಮೇಲೆ ತಿರುಗಿ, ಎಲೆಯ ಮೂಲೆಯಲ್ಲಿ ಉಳಿದಿದ್ದ ಒಂದು ತುತ್ತನ್ನು ಬಾಯಿಗಿಟ್ಟು, ವಾರಿಜಾಕ್ಷಿಯಮ್ಮ ಬಿಕ್ಕಿ ಬಿಕ್ಕಿ ಅತ್ತರು.

ನಾವು ಹೊರಟಾಗ ಬಾಗಿಲವರೆಗೆ ಬಂದು ಅವರು ನನ್ನ ಕೈ ಹಿಡಿದುಕೊಂಡರು.

"ಇನ್ನು ನಿಮ್ಮಲ್ಲಿ ಒಂದು ಹಿಡಿ ಅಕ್ಕಿ ಹೆಚ್ಚು ಹಾಕಿ, ಕ್ಯಾಮಿಲಸ್. ಮತ್ತೆ... ಒಳಗೆ ಹೋದ ಕೂಡ್ಲೇ ಬಾಗಿಲು ಹಾಕಬೇಡಿ ಮಾರಾಯ್ರೇ. ಅದು ನಿಮ್ಮ ಹಿಂದೆಯೇ ಉಂಟು, ಮೆಲ್ಲ ನಡೆಯುವುದು."