ಕಾಗದನಗರದ ಸಂಜೆ ಪಾಠ

ಭದ್ರಾವತಿ ಬಸ್ಸಿನಲ್ಲಿ ಮುಂದಿನ ಸೀಟಿನಿಂದ ಕವನಳ ಹೆಸರು ಬಂದದ್ದೇ ದುರ್ಗಮ್ಮ ಕಿವಿಗೊಟ್ಟಳು. ಅವಳ ಮೊಮ್ಮಗಳಿಗೆ ಸಂಜೆ ಪಾಠ ಹೇಳುವವಳು ಕವನಳೇ. ಮಾತಾಡುತ್ತಿದ್ದವರು ಪಾಠ ನಡೆಸುವ ಟ್ರಸ್ಟಿನ ಕಾರ್ಯದರ್ಶಿ ಉಮಾಮಹೇಶ್ವರಿ, ಅಧ್ಯಕ್ಷ ಗಂಗಾಧರಪ್ಪ.

“ಕವನ ಬಿಟ್ಟು ಹೋದ್ಲು ಸರ್. ಉಳಿದ ಸ್ವಯಂಸೇವಕರೂ ಅವಳ ಹಿಂದೇನೇ ಹೋದ್ರು.”

“ತಾಳ್ಮೆ ಇಲ್ಲ. ನಾಯಕತ್ವ ಕಲಿಸ್ತಿದ್ವಲ್ಲ ಮಾರಾಯ್ತಿ.”

“ಏನು ಕಲಿಸಿದ್ವಿ? ಕುರ್ಚಿ ಹಾಕ್ಸಿದ್ವಿ, ನಮಗೆ ಹಾರ ಹಾಕ್ಸಿದ್ವಿ. ಸಮಿತಿಗೆ ಸೇರಿಸ್ಕೊಳ್ಳೋಣ ಅಂದಾಗ ಚಿಕ್ಕವಳು ಅಂದ್ರಿ.”

“ಚಿಕ್ಕವಳೇ ಅಲ್ವಾ?”

“ಇವತ್ತು ಮಕ್ಕಳು ಬಂದು ಕಾಯ್ತಿರ್ತಾರೆ. ಪಾಠ ಯಾರು ಮಾಡೋದು?”

“ಯಾರನ್ನಾದ್ರೂ ಕಳಿಸಿ.”

“ಇನ್ನು ಯಾರಿದ್ದಾರೆ ಸರ್? ನೀವು, ನಾನು.”

“ನಂಗೆ ಸಂಜೆ ಸನ್ಮಾನ ಇದೆ. ಯುವಕರಿಗೆ ಮಾರ್ಗದರ್ಶನ ಮಾಡಿದ್ದಕ್ಕೆ.”

ಕಾಗದನಗರ ಬಂತು. ಉಮಾಮಹೇಶ್ವರಿ ಇಳಿದು ಪಾಠ ನಡೆಯುವ ಕ್ವಾರ್ಟರ್ಸ್ ಕಡೆಗೆ ಬಿರಬಿರನೆ ನಡೆದರು. ಹಿಂದೆಯೇ ದುರ್ಗಮ್ಮ ಇಳಿಯುವಾಗ ಗಂಗಾಧರಪ್ಪ ಕಿಟಕಿ ಪಕ್ಕಕ್ಕೆ ಸರಿದು ಕೂರುತ್ತಿದ್ದರು.